ಏಳು ಬೀಗದ ಗೋಪುರವೂ ಬಚ್ಚಲುಮನೆಯ ಚಿಲಕವೂ

ಆ ಭಾನುವಾರ ಮಧ್ಯಾಹ್ನ ನಮ್ಮ ಬೀಗದ ರಿಪೇರಿಯವನು ಕಂಪ್ಯೂಟರಿನ ಮುಂದಿನಿಂದ ಎದ್ದು ಬಂದ ರೀತಿ ನೋಡಿದರೆ ಯಾರೋ ಹತ್ತಿರದವರು ತೀರಿಕೊಂಡರು ಅನ್ನಬೇಕು, ಹಾಗಿತ್ತು. ಅತ್ತೆ ಬಿಡಿಸುತ್ತಿದ್ದ ಬಟಾಣಿಯನ್ನು ಪಕ್ಕಕ್ಕಿಟ್ಟರು. ಹೆಂಡತಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು.

"ಏನಾಯ್ತ್ರೀ?"

"ತೆರೀತು."

"ಏನು ತೆರೀತು?"

"ಏಳನೇ ಬೀಗ. ಬಾಗಿಲು ತೆರೀತು."

"ಮತ್ತೆ ಕುಣಿದಾಡೋದು ಬಿಟ್ಟು ಈ ಮುಖ ಯಾಕೆ?"

"ಒಳಗೆ ಏನಿತ್ತು ಗೊತ್ತಾ? ಒಂದು ಕುರ್ಚಿ! ಒಂದು ಕಿಟಕಿ! ಅಷ್ಟೇ! ಆರು ವರ್ಷ ಕಣೇ, ಆರು ವರ್ಷ!"

ವಿಷಯ ತಿಳಿಯದವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಈ ಮನುಷ್ಯ ವಾರದಲ್ಲಿ ಆರು ದಿನ ಐದಡಿ ಮೂರಂಗುಲದ ಸಾಧುಪ್ರಾಣಿ. ಊರಿನ ಅರ್ಧದಷ್ಟು ಬಾಗಿಲುಗಳ ಆರೋಗ್ಯ ಅವನ ಕೈಯಲ್ಲಿದೆ. ಭಾನುವಾರ ಊಟವಾದ ಮೇಲೆ ಮಾತ್ರ ಅವನು ಏಳಡಿ ಎತ್ತರದ, ಉಕ್ಕಿನ ಕವಚ ತೊಟ್ಟ ಮಹಾಯೋಧ ಖಡ್ಗಶಿಖರ. ಅದು ಸಾವಿರಾರು ಮಂದಿ ತಂತಮ್ಮ ಮನೆಯಲ್ಲೇ ಕೂತು ಇಂಟರ್‌ನೆಟ್ಟಿನಲ್ಲಿ ಒಟ್ಟಿಗೆ ಆಡುವ ಆಟ. ಕಾಡು, ಕೋಟೆ, ರಾಕ್ಷಸರು, ಮಂತ್ರವಾದಿಗಳು, ನಡುವೆ ಮೋಡ ಮುಟ್ಟುವ ಗೋಪುರ, ಅದರ ತುದಿಯಲ್ಲಿ ಏಳು ಬೀಗದ ಬಾಗಿಲು. ಆಟ ಕಟ್ಟಿದವರು ವರ್ಷಕ್ಕೊಂದರಂತೆ ಬೀಗದ ಕೈ ಅಡಗಿಸಿಡುತ್ತ ಬಂದರು, ಇವನು ಹುಡುಕುತ್ತ ಬಂದ. 'ಆ ಬಾಗಿಲ ಆಚೆ ಇರುವುದನ್ನು ಕಂಡವರು ಮೊದಲಿನಂತೆ ಉಳಿಯುವುದಿಲ್ಲ' ಎಂದು ಆಟದ ಮೊದಲ ದಿನವೇ ಸೇತುವೆಯ ಬಳಿಯ ದೀಪದ ಮುದುಕಿ ಹೇಳಿದ್ದಳು. (ಆ ಮುದುಕಿಯೆಂದರೆ ಅತ್ತೆಗೆ ಪ್ರಾಣ. ಅವಳು ತೆರೆಯ ಮೇಲೆ ಬಂದಾಗಲೆಲ್ಲ, "ಪಾಪ, ಅವಳಿಗೆ ಶಾಲು ಹೊದಿಸೋರು ಯಾರೂ ಇಲ್ವಾ ಅಳಿಯಂದ್ರೇ?" ಎಂದು ಕೇಳುತ್ತಿದ್ದರು.)

ಇಷ್ಟು ವರ್ಷ ಅವನ ಬಾಯಲ್ಲಿ ಆ ಆಟದ ಹೊಗಳಿಕೆ ಬಿಟ್ಟರೆ ಬೇರೆ ಮಾತಿರಲಿಲ್ಲ. "ಆ ಬೀಗಗಳ ಚಿತ್ರ ಬಿಡಿಸಿದವನು ನಿಜವಾದ ಬೀಗ ಬಿಚ್ಚಿ ನೋಡಿದವನೇ ಸೈ. ಸ್ಪ್ರಿಂಗು ಕೂಡ ಸರಿಯಾದ ಜಾಗದಲ್ಲಿದೆ" ಎಂದು ಗಿರಾಕಿಗಳ ಬಾಗಿಲಿಗೆ ಎಣ್ಣೆ ಬಿಡುತ್ತ ಬಿಡುತ್ತ ಅವರ ಕಿವಿಗೂ ಬಿಡುತ್ತಿದ್ದ. ಅಷ್ಟು ಪ್ರೀತಿಯಿದ್ದ ಕಡೆಯೇ ಹೊಟ್ಟೆ ಉರಿಯುವುದು.

"ಕುರ್ಚಿ ಇತ್ತಲ್ಲ, ಕೂತ್ರಾ?" ಎಂದಳು ಹೆಂಡತಿ.

"ಕೂರೋಕೆ ನಾನೇನು ಬಸ್ ಸ್ಟ್ಯಾಂಡಿಗೆ ಹೋಗಿದ್ನಾ? ನಮ್ಮ ತಂಡದ ಬೇಕರಿಯವನು ಕೋಪಕ್ಕೆ ಕುರ್ಚಿಗೆ ನಾಲ್ಕು ಏಟು ಕೊಡಲಿಯಲ್ಲಿ ಹಾಕ್ದ. ಅದು ಮುರೀಲೂ ಇಲ್ಲ!"

"ಆಯ್ತು, ಒಂದೇ ನಿಮಿಷ, ಏನೂ ನೋವಾಗಲ್ಲ" ಎಂದು ಅವಳು ಅವನ ಬೆನ್ನು ಸವರಿದಳು. ಅವಳು ದಂತವೈದ್ಯರ ಕ್ಲಿನಿಕ್ಕಿನಲ್ಲಿ ಸ್ವಾಗತದ ಮೇಜಿನವಳು. ಹನ್ನೆರಡು ವರ್ಷದಿಂದ ಬಾಯಿ ಊದಿಸಿಕೊಂಡು ಬಂದವರನ್ನೆಲ್ಲ ಈ ಒಂದೇ ವಾಕ್ಯದಿಂದ ಸಮಾಧಾನ ಮಾಡಿದವಳು. ಗಂಡನೂ ಮುಖ ಊದಿಸಿಕೊಂಡೇ ಇದ್ದದ್ದರಿಂದ ಅವಳಿಗೆ ಬೇರೆ ವಾಕ್ಯ ಬೇಕಾಗಲಿಲ್ಲ.

ಆದರೆ ಖಡ್ಗಶಿಖರ ಸಮಾಧಾನವಾಗುವ ಜಾತಿಯಲ್ಲ. ಸಂಜೆಯೊಳಗೆ 'ಮಹಾವಂಚನೆ' ಎಂಬ ಶೀರ್ಷಿಕೆಯಲ್ಲಿ ಹನ್ನೊಂದು ಪುಟದ ದೂರು ಬರೆದು ಅಭಿಮಾನಿಗಳ ಪುಟದಲ್ಲಿ ಹಾಕಿಯೇಬಿಟ್ಟ. 'ಇಪ್ಪತ್ತು ವರ್ಷದಿಂದ ನಾನು ಬೀಗ ತೆರೆಯುತ್ತಿದ್ದೇನೆ. ಕಾಯಿಸಿದಷ್ಟೂ ಒಳಗಿನದು ದೊಡ್ಡದಿರಬೇಕು. ಇದು ಬೀಗದ ಧರ್ಮ' ಎಂಬ ವಾಕ್ಯ ಎಲ್ಲರಿಗೂ ಹಿಡಿಸಿತು. ಗುರುವಾರದ ಹೊತ್ತಿಗೆ ಎರಡು ಸಾವಿರದ ಮುನ್ನೂರು ಮಂದಿ ಸಹಿ ಹಾಕಿ, ಆಟದ ಕೊನೆಯನ್ನು ಬದಲಿಸುವವರೆಗೆ ಹೋರಾಟಕ್ಕೆ ನೀವೇ ನಾಯಕರಾಗಬೇಕು ಎಂದು ಬರೆದರು. ಅವನನ್ನು ಜೀವಮಾನದಲ್ಲಿ ಯಾರೂ ನಾಯಕ ಅಂದಿರಲಿಲ್ಲ. ಅವತ್ತು ಮನೆಗೆ ಬಂದವನು ಚಪ್ಪಲಿ ಬಿಟ್ಟದ್ದೂ ಒಂದು ಗತ್ತಿನಲ್ಲೇ.

"ನಿನ್ನದೂ ಒಂದು ಸಹಿ ಇರಲಿ" ಎಂದ ಹೆಂಡತಿಗೆ.

ಅಷ್ಟು ಹೊತ್ತಿಗೆ ಬಚ್ಚಲುಮನೆಯಿಂದ, "ಹದಿನೇಳಾರಲಿ ನೂರಾ ಎರಡು! ಹದಿನೇಳೇಳಲಿ ನೂರಾ ಹತ್ತೊಂಬತ್ತು!" ಎಂದು ಮಗಳ ಕೂಗು ಕೇಳಿಸಿತು. ಹೆಂಡತಿ ಆ ಕಡೆಗೊಮ್ಮೆ, ಗಂಡನ ಕಡೆಗೊಮ್ಮೆ ನೋಡಿದಳು. ನೋಡಿದ ರೀತಿ ಸರಿಯಿರಲಿಲ್ಲ.

ಇಲ್ಲಿ ಒಂದು ಗುಟ್ಟು ಹೇಳಲೇಬೇಕು. ಊರಿಗೆಲ್ಲ ಬೀಗ ಹಾಕಿಕೊಡುವ ಈ ಪುಣ್ಯಾತ್ಮನ ಸ್ವಂತ ಬಚ್ಚಲುಮನೆಗೆ ಚಿಲಕವಿರಲಿಲ್ಲ. ಇದ್ದದ್ದು ಮುರಿದು ಆರು ವರ್ಷವಾಗಿತ್ತು. 'ಈ ಭಾನುವಾರ ಹಾಕ್ತೀನಿ' ಎಂದವನಿಗೆ ಭಾನುವಾರ ಗೋಪುರದ ಕೆಲಸವಿರುತ್ತಿತ್ತು. ಹಾಗಾಗಿ ಒಳಗಿದ್ದವರು ಏನಾದರೂ ಸದ್ದು ಮಾಡುತ್ತಲೇ ಇರಬೇಕು ಎಂಬುದು ಆ ಮನೆಯ ಸಂವಿಧಾನವಾಗಿಬಿಟ್ಟಿತ್ತು. ಹೆಂಡತಿ ಹಾಡುತ್ತಾಳೆ. ಅತ್ತೆ ಎರಡೆರಡು ಸಲ ಕೆಮ್ಮುತ್ತಾರೆ. ಮಗಳು ಮಗ್ಗಿ ಹೇಳುತ್ತಾಳೆ (ಎರಡರ ಮಗ್ಗಿಯಿಂದ ಶುರುಮಾಡಿದ್ದು, ಈಗ ಹದಿನೇಳಕ್ಕೆ ಬಂದಿದೆ, ಲೆಕ್ಕದಲ್ಲಿ ಶಾಲೆಗೇ ಮೊದಲು). ಅವನು ಆಟದ ಯುದ್ಧಗೀತೆಯನ್ನು ಶಿಳ್ಳೆ ಹಾಕುತ್ತಾನೆ.

"ಸಹಿ ಹಾಕ್ತೀನಿ" ಎಂದಳು ಹೆಂಡತಿ. "ಮೊದಲು ನೀವು ಆ ಚಿಲಕ ಹಾಕಿ. ಅದಕ್ಕೂ ಆರು ವರ್ಷವೇ ಕಾದಿದ್ದೀವಿ. ಕಾಯಿಸಿದ್ದಕ್ಕೆ ತಕ್ಕ ಕೊನೆ ಅಂದ್ರೆ ಏನು ಅಂತ ನೀವೇ ತೋರಿಸಿ. ನಮ್ಮ ಮೂವರಿಗೂ ತೃಪ್ತಿಯಾದ್ರೆ ಸಹಿ. ಆಗದಿದ್ರೆ ನಿಮ್ಮ ದೂರು ವಾಪಸ್."

"ಇಷ್ಟೇನಾ? ಬರೆದಿಟ್ಕೋ. ಭಾನುವಾರ!"

ಎರಡು ದಿನ ಅವನು ಅಂಗಡಿಯಲ್ಲಿ ಬೇರೆ ಕೆಲಸ ಮುಟ್ಟಲಿಲ್ಲ. ಅವನ ಕೈಗುಣವನ್ನು ಹೊಗಳದೆ ಇರಲಾಗದು. ಹಿತ್ತಾಳೆಯ ತುಂಡು ಅವನ ಬೆರಳಿಗೆ ಸಿಕ್ಕರೆ ಬೆಣ್ಣೆ. ಕಟ್ಟಕಡೆಗೆ ಸಿದ್ಧವಾದದ್ದು ಚಿಲಕವಲ್ಲ, ಸಪ್ತ ಅಗುಳಿಗಳ ದುರ್ಗ! ಒಳಗಿನ ಹಿಡಿ ತಿರುಗಿಸಿದರೆ ಏಳು ಅಗುಳಿಗಳು ಒಂದರ ಹಿಂದೊಂದು ಚೌಕಟ್ಟಿಗೆ ಇಳಿಯುತ್ತವೆ. ಹೊರಗಡೆ ನುಣ್ಣನೆಯ ಉಕ್ಕಿನ ತಗಡು, ಒಂದು ತೂತಿಲ್ಲ, ಒಂದು ಸ್ಕ್ರೂ ಇಲ್ಲ.

"ಹೊರಗಿನಿಂದ ತೆರೆಯೋಕೆ ನನ್ನ ಕೈಲೂ ಆಗಲ್ಲ" ಎಂದ ಹೆಮ್ಮೆಯಿಂದ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಭಾನುವಾರ ಬೆಳಿಗ್ಗೆ ಮೂವರನ್ನೂ ಹಜಾರದಲ್ಲಿ ಸಾಲಾಗಿ ಕೂರಿಸಿ, ತಾನೊಬ್ಬನೇ ಬಾಗಿಲ ಹೊರಗೆ ನಿಂತು ಬೀಗ ಜೋಡಿಸಿದ. ಕೊನೆಗೆ ಹೊರಗಿನ ತಗಡನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಅಭ್ಯಾಸದಂತೆ "ಹ್ಞಾಂ, ಬಿಗಿ ಮಾಡಿ!" ಎಂದು ಕೂಗಿದ. ಹತ್ತು ಎಣಿಸಿ, "ಆಯ್ತು, ಸಾಕು!" ಎಂದ. ನಂತರ ಕೈ ಒರೆಸಿಕೊಂಡು ಗಂಟಲು ಸರಿಮಾಡಿಕೊಂಡ.

"ಆರು ವರ್ಷಗಳ ಪ್ರತೀಕ್ಷೆ ಇಂದಿಗೆ ಮುಗೀತು! ಹಿರಿಯರು ಮೊದಲು. ಬನ್ನಿ ಅತ್ತೆ."

ಅತ್ತೆ ಒಳಗೆ ಹೋದರು. ಕಟ ಕಟ ಕಟ ಎಂದು ಏಳು ಸದ್ದು. ಆಮೇಲೆ ನಿಶ್ಶಬ್ದ. ಎರಡು ನಿಮಿಷಕ್ಕೆ ಹೊರಗೆ ಬಂದವರ ಮುಖ ಬಾಡಿತ್ತು.

"ಅಷ್ಟೇನಾ ಅಳಿಯಂದ್ರೇ?"

"ಅಷ್ಟೇ ಅಂದ್ರೆ? ಏಳು ಅಗುಳಿ ಅತ್ತೆ!"

"ಅಲ್ಲ, ಚೆನ್ನಾಗೇ ಇದೆ. ಆದ್ರೆ ಒಳಗೆ ಹೋಗಿ ಕೆಮ್ಮಬೇಕು ಅಂತ ಬಾಯಿ ತೆಗೆದೆ, ಯಾತಕ್ಕೆ ಅನ್ನಿಸ್ತು. ನಾನು ಒಳಗಿದ್ದೀನಿ ಅಂತ ಯಾರಿಗೂ ಗೊತ್ತಾಗೋದೇ ಬೇಡವಲ್ಲ ಇನ್ನು."

ಹೆಂಡತಿ ಹೋದಳು, ಬಂದಳು. "ಚೆನ್ನಾಗಿದೆ ಕಣ್ರೀ" ಎಂದಳು, ಕ್ಲಿನಿಕ್ಕಿನ ಧ್ವನಿಯಲ್ಲಿ. ಆ ಧ್ವನಿಯ ಅರ್ಥ ಹಲ್ಲು ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಮಗಳಂತೂ ಹೋದಷ್ಟೇ ಬೇಗ ಬಂದು, "ಬೋರು ಅಪ್ಪ. ಇದಕ್ಕಾ ಆರು ವರ್ಷ ಕಾದಿದ್ದು?" ಎಂದುಬಿಟ್ಟಳು.

ತಾನು ಹನ್ನೊಂದು ಪುಟಗಳಲ್ಲಿ ಹೇಳಿದ್ದನ್ನೇ ಮಗಳು ಒಂದು ಸಾಲಿನಲ್ಲಿ ಹೇಳಿದ್ದು ಅವನ ಎದೆಗೆ ನಾಟಿತು. "ನಿಮಗೆ ಬಳಸೋಕೆ ಬರಲ್ಲ. ಅದರ ಗಾಂಭೀರ್ಯ ಏನು ಅಂತ ನಾನು ತೋರಿಸ್ತೀನಿ!" ಎಂದು ಒಳನುಗ್ಗಿ, ಬಾಗಿಲು ಎಳೆದುಕೊಂಡು ಹಿಡಿಯನ್ನು ಜೋರಾಗಿ ತಿರುಗಿಸಿದ. ಏಳು ಅಗುಳಿಗಳೂ ಭವ್ಯವಾಗಿ ಇಳಿದವು. ಎಂಟನೆಯದಾಗಿ, ಸ್ಕ್ರೂ ಮೋರಿಗೆ ಉದುರಿ, ಹಿಡಿಯೇ ಕಳಚಿ ಅವನ ಕೈಗೆ ಬಂತು.

ಕೈಯಲ್ಲಿದ್ದ ಹಿಡಿಯನ್ನು ನೋಡುತ್ತ ನಿಂತವನಿಗೆ ಎಲ್ಲ ಹೊಳೆಯಿತು. ಇಪ್ಪತ್ತು ವರ್ಷದಿಂದ ಅವನು ನಿಂತದ್ದು ಬಾಗಿಲ ಹೊರಗೆ. ಹೊರಗಿನ ತಗಡನ್ನು ಒತ್ತಿ ಹಿಡಿದು ಅವನು 'ಬಿಗಿ ಮಾಡಿ' ಎನ್ನುತ್ತಾನೆ. ಒಳಗಿರುವ ಮನೆಯವರು ಹಿಡಿಯ ಸ್ಕ್ರೂ ಬಿಗಿ ಮಾಡುತ್ತಾರೆ. ಅದು ಅವನ ಕೆಲಸದ ಪದ್ಧತಿ. ಇವತ್ತೂ ಪದ್ಧತಿಯಂತೆ ಕೂಗಿದ್ದ, ಪದ್ಧತಿಯಂತೆ ಹತ್ತು ಎಣಿಸಿದ್ದ. ಒಳಗೆ ಯಾರೂ ಇರಲಿಲ್ಲ. ಮನೆಯವರೆಲ್ಲ ಸಮಾರಂಭಕ್ಕಾಗಿ ಹಜಾರದಲ್ಲಿದ್ದರು. ಸ್ಕ್ರೂಡ್ರೈವರೂ ಅವರ ಜೊತೆಯಲ್ಲೇ ಇತ್ತು.

"ಏನ್ರೀ, ಗಾಂಭೀರ್ಯ ಮುಗೀತಾ?"

"ಮುಗೀತು. ಆದ್ರೆ ಬರೋಕಾಗ್ತಿಲ್ಲ."

"ಹೊರಗಿನಿಂದ ತೆರೆಯೋದು ಹೇಗೆ ಹೇಳಿ."

"ಹೊರಗಿನಿಂದ... ಹೊರಗಿನಿಂದ ನನ್ನ ಕೈಲೂ ಆಗಲ್ಲ."

ಉಳಿದದ್ದು ಹಿತ್ತಲಿನ ಕಡೆಗಿದ್ದ ಸಣ್ಣ ಕಿಟಕಿ. ಅದರ ಗಾಜು, ಚೌಕಟ್ಟು ಬಿಚ್ಚಲು ಹೊರಗೆ ಏಣಿ ಬೇಕು. ಏಣಿ ಪೇಂಟರನ ಮನೆಯಲ್ಲಿ, ಪೇಂಟರ್ ಊರಾಚೆ ಕೆಲಸದಲ್ಲಿ. ಬರುವತನಕ ಮುಕ್ಕಾಲು ಗಂಟೆ. ಅವನು ಬಕೆಟ್ಟನ್ನು ಬೋರಲು ಹಾಕಿ ಕೂತ. ಕೂತ ಮೇಲೆ ಸುತ್ತ ನೋಡಿದ. ಏಳು ಅಗುಳಿಯ ಬಾಗಿಲು. ಕೂರಲು ಒಂದು ಆಸನ. ಒಂದು ಕಿಟಕಿ.

ಇದನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿ ಅವನ ಮೈ ಜುಮ್ಮೆಂದಿತು.

ಅಷ್ಟರಲ್ಲಿ ಕಿಟಕಿಯ ಕೆಳಗೆ ಯಾರೋ ಎರಡು ಸಲ ಕೆಮ್ಮಿದರು. "ಇಲ್ಲೇ ಇದೀನಿ ಅಳಿಯಂದ್ರೇ, ಹೆದರ್ಬೇಡಿ." ಅದರ ಹಿಂದೆಯೇ ಬಾಗಿಲ ಆಚೆಯಿಂದ ಹೆಂಡತಿಯ ಹಾಡು, ಅದರ ಮೇಲೆ ಮಗಳ "ಹದಿನೆಂಟೊಂದಲಿ ಹದಿನೆಂಟು!" ತಾನೊಬ್ಬನೇ ಎಂದು ಅವನಿಗೆ ಅನಿಸದಿರಲಿ ಎಂದು ಮೂವರೂ ಸದ್ದು ಮಾಡುತ್ತಿದ್ದರು. ಆರು ವರ್ಷ ಈ ಸದ್ದುಗಳನ್ನು ಅವನು ದಿನವೂ ಕೇಳಿದ್ದ, ಕೂತು ಕೇಳಿರಲಿಲ್ಲ. ಹೆಂಡತಿ ಹಾಡಿನ ಎರಡನೆಯ ಸಾಲಿನಲ್ಲಿ ಯಾವಾಗಲೂ ಉಸಿರು ಸಾಲದೆ ನಿಲ್ಲುತ್ತಾಳೆಂದು ಅವನಿಗೆ ಅವತ್ತೇ ಗೊತ್ತಾದದ್ದು. ಅವನಿಗೆ ಅವರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಕಣ್ಣು ಒರೆಸಿಕೊಂಡು ಯುದ್ಧಗೀತೆಯ ಶಿಳ್ಳೆ ಹಾಕಿದ.

ಏಣಿ ಬಂತು, ಕಿಟಕಿಯ ಚೌಕಟ್ಟು ಬಿಚ್ಚಿದ್ದೂ ಆಯಿತು. ಅತ್ತೆ ಸೀರೆಯ ಸೆರಗು ಸಿಕ್ಕಿಸಿ ಮುಂದೆ ಬಂದರು. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ದಾದಿಯಾಗಿದ್ದವರು. ಇಕ್ಕಟ್ಟಿನ ಜಾಗದಿಂದ ಹೊರತೆಗೆಯುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ತಲೆ ಮೊದಲು ಬರ್ಲಿ. ಹ್ಞಾಂ, ತಲೆ ಕಾಣಿಸ್ತು. ಭುಜ ಓರೆ ಮಾಡಿ. ಈಗ ಉಸಿರು ಎಳೀರಿ... ನೂಕಿ!"

"ಅಯ್ಯೋ ಅತ್ತೆ, ಹೊಟ್ಟೆ!"

"ಮೂರು ಸಾವಿರ ಮಕ್ಕಳನ್ನ ಹೊರಗೆ ತಂದಿದ್ದೀನಿ, ಒಂದೂ ಇಷ್ಟು ಮಾತಾಡ್ಲಿಲ್ಲ. ನೂಕಿ ಅಂದ್ರೆ ನೂಕಿ!"

ಏಳಡಿಯ ಖಡ್ಗಶಿಖರ, ಪೇಂಟರ್ ಮತ್ತು ಇಡೀ ಓಣಿಯವರ ಸಮಕ್ಷಮದಲ್ಲಿ, ಅತ್ತೆಯ ಕೈಗೆ ಬಂದಿಳಿದ. ಅಭ್ಯಾಸಬಲದಿಂದ ಅವರು ಬೆನ್ನಿಗೊಂದು ಏಟನ್ನೂ ಕೊಟ್ಟರು. ಅವನು ಕಿರುಚಿದ. "ಉಸಿರಾಟ ಸರಿಯಿದೆ" ಎಂದರು ಅತ್ತೆ, ತೃಪ್ತಿಯಿಂದ.

ಮಧ್ಯಾಹ್ನ ಯಾರೂ ಹೇಳದೆಯೇ ಅವನು ಬಾಗಿಲನ್ನು ಕೊರೆದು ಏಳು ಅಗುಳಿಯ ದುರ್ಗವನ್ನು ಕಿತ್ತುಹಾಕಿದ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಗೋಪುರ ಹತ್ತಿ, ಖಡ್ಗಶಿಖರನನ್ನು ಆ ಕುರ್ಚಿಯಲ್ಲಿ ಕೂರಿಸಿದ. ಒಂದು ನಿಮಿಷ ಏನೂ ಆಗಲಿಲ್ಲ. ಎರಡನೆಯ ನಿಮಿಷ ಕಿಟಕಿಯಲ್ಲಿ ಮಂಜು ಸರಿಯಿತು. ಆರು ವರ್ಷ ಅವನು ನಡೆದ ದಾರಿಗಳೆಲ್ಲ ಕೆಳಗೆ ಹರಡಿಕೊಂಡಿದ್ದವು. ದಾರಿಯಲ್ಲಿ ಸಿಕ್ಕವರೆಲ್ಲರ ದನಿ ಒಂದೊಂದಾಗಿ ಮೇಲೇರಿ ಬಂತು: ಕಮ್ಮಾರನ ಸುತ್ತಿಗೆ, ದೋಣಿಯವನ ಕೂಗು, ಕೊನೆಗೆ ಸೇತುವೆಯ ಮುದುಕಿ, "ಬಂದೆಯಾ ಮಗಾ?" ಬಾಗಿಲಲ್ಲಿ ನಿಂತಿದ್ದ ಅತ್ತೆ ಮೂಗು ಒರೆಸಿಕೊಂಡರು. ಇದನ್ನು ಕಟ್ಟಿದವರು ಎಂಥ ಜನ ಎಂದು ಅವನು ಕೈಮುಗಿಯುವುದೊಂದು ಬಾಕಿ.

ಕೂಡಲೇ ದೂರನ್ನು ವಾಪಸ್ ತೆಗೆದುಕೊಂಡು, ಎರಡು ಸಾವಿರದ ಮುನ್ನೂರು ಮಂದಿಗೂ ಒಂದೇ ಸಾಲು ಬರೆದ: 'ಬಂಧುಗಳೇ, ಹೋರಾಟ ಮುಗಿಯಿತು. ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಇಂತಿ ನಿಮ್ಮ ನಾಯಕ.'

ಬಚ್ಚಲುಮನೆಯಿಂದ ಹತ್ತೊಂಬತ್ತರ ಮಗ್ಗಿ ಶುರುವಾಗಿ ಮುಗಿಯುವಷ್ಟರಲ್ಲಿ ಉತ್ತರಗಳು ಬಂದು ಬಿದ್ದವು. ಹೆಂಡತಿ ಅವನ ಹೆಗಲ ಮೇಲಿನಿಂದ ಬಾಗಿ ಮೊದಲನೆಯದನ್ನು ಜೋರಾಗಿ ಓದಿದಳು: "'ಇಷ್ಟು ದಿನ ನಿಮ್ಮನ್ನ ನಂಬಿ ಹಿಂದೆ ಬಂದ್ವಿ ನಾಯಕರೇ. ಕೊನೆಗೆ ಇದಾ? ಒಂದು ಕುರ್ಚಿ, ಅಷ್ಟೇನಾ?' ರೀ, ಇದರ ಕೆಳಗೆ ಇನ್ನೂ ನಾನೂರು ಇವೆ. ಹೊಸ ದೂರೂ ಶುರುವಾಗಿದೆ, ನಿಮ್ಮ ಮೇಲೆ. ಹೆಸರು 'ಮಹಾವಂಚನೆ, ಭಾಗ ಎರಡು'. ಈಗಾಗಲೇ ಎಂಟುನೂರು ಸಹಿ."

ಅವನು ತಲೆಯ ಮೇಲೆ ಕೈಹೊತ್ತು ಕೂತ. ಅವಳು ಮೆಲ್ಲಗೆ ಬೆನ್ನು ಸವರಿದಳು.

"ಒಂದೇ ನಿಮಿಷ" ಎಂದಳು. "ಏನೂ ನೋವಾಗಲ್ಲ."