ಕಾರಿನ ಪರಸ್ಥಾನ

ತಲುಪುವುದಕ್ಕೆ ನಾನು ಎಂದೂ ಹೆದರಿದವನಲ್ಲ. ನನ್ನ ಹೆದರಿಕೆಯೆಲ್ಲ ಹೊರಡುವುದಕ್ಕೆ. ಬಾಗಿಲಿಗೆ ಬೀಗ ಹಾಕಿ, ನಾಲ್ಕು ಹೆಜ್ಜೆ ಹೋಗಿ, ಹಿಂದಿರುಗಿ ಬೀಗ ಜಗ್ಗಿ ನೋಡಿ, ಮತ್ತೆ ಹೊರಟು, ಸೀಮೆಎಣ್ಣೆ ಸ್ಟೌ ಆರಿಸಿದೆಯಾ ಎಂದು ಹೆಂಡತಿಯನ್ನು ಕೇಳಿ, ಅವಳು ‘ಇವತ್ತು ಹಚ್ಚೇ ಇಲ್ಲ’ ಎಂದ ಮೇಲೂ ಒಳಗೆ ಹೋಗಿ ಮುಟ್ಟಿ ನೋಡಿ ಬರುವವನು ನಾನು. ಇಂಥವನು ಹಳೆಯ ಕಾರು ಕೊಳ್ಳಬಾರದು. ಆದರೆ ಜಯನಗರದಲ್ಲಿ ಮನೆ ಕಟ್ಟಿಸಿದ ಹೊಸದರಲ್ಲಿ, ಬಸ್ಸು ಬರುತ್ತದೆಯೋ ಇಲ್ಲವೋ ಎಂಬ ಚಿಂತೆ ತಡೆಯಲಾರದೆ, ಯುದ್ಧಕ್ಕೆ ಮುಂಚಿನ ಒಂದು ವಿಲಾಯಿತಿ ಕಾರನ್ನು ಕೊಂಡೆ. ಅಂದಿನಿಂದ ಕಾರು ಹೊರಡುತ್ತದೆಯೋ ಇಲ್ಲವೋ ಎಂಬ ಚಿಂತೆ ಶುರುವಾಯಿತು.

ಮಗಳು ವಿಮಲೆಯನ್ನು ಮಂಡ್ಯದ ಕಡೆಯವರು ಬಂದು ನೋಡಿ ಒಪ್ಪಿಕೊಂಡು ಹೋಗಿದ್ದರು. ಇನ್ನು ನಾವು ಅವರ ಮನೆಗೆ ಹೋಗಿ ಮಾತು ಮುಗಿಸಿಕೊಂಡು ಬರಬೇಕು, ಅದೂ ಆಷಾಢ ಹುಟ್ಟುವುದರೊಳಗೆ. ನನಗೆ ರಜೆ ಇರುವುದು ಭಾನುವಾರ, ಆಷಾಢಕ್ಕೆ ಮುಂಚೆ ಉಳಿದಿದ್ದದ್ದು ಒಂದೇ ಭಾನುವಾರ. ನಮ್ಮ ಜತೆಯಲ್ಲೇ ಇದ್ದ ನನ್ನ ಸೋದರತ್ತೆ ಪುಟ್ಟಮ್ಮನವರು ಪಂಚಾಂಗ ತೆಗೆದವರೇ ‘ಭಾನುವಾರ ಪಡುವಲಿಗೆ ವಾರಶೂಲೆ ಕಣೋ ಸೀನ. ಆ ದಿಕ್ಕಿಗೆ ಕಾಲಿಡಬಾರದು’ ಎಂದರು. ಮಂಡ್ಯ ಇರುವುದು ಪಡುವಲಿಗೇ. ಇಂಥ ಇಕ್ಕಟ್ಟಿಗೆಂದೇ ನಮ್ಮ ಹಿರಿಯರು ಪರಸ್ಥಾನ ಎಂಬ ಉಪಾಯ ಮಾಡಿಟ್ಟಿದ್ದಾರೆ. ಹೊರಡುವ ದಿನ ಸರಿಯಿಲ್ಲದಿದ್ದರೆ, ಅದಕ್ಕೆ ಮುಂಚೆ ಒಂದು ಒಳ್ಳೆಯ ವೇಳೆಯಲ್ಲಿ ನಮ್ಮದೊಂದು ಸಾಮಾನನ್ನು ಅದೇ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಅಲ್ಲಿಗೆ ನಾವು ಹೊರಟಂತೆಯೇ ಲೆಕ್ಕ. ಮಾರನೆಯ ದಿನ ಅದನ್ನು ಎತ್ತಿಕೊಂಡು ಮುಂದುವರಿದರೆ ಶೂಲೆಯ ಬಾಧೆ ಇಲ್ಲ. ಇಟ್ಟದ್ದನ್ನು ಮಾತ್ರ ಜತೆಗೆ ಒಯ್ಯಲೇಬೇಕು. ಮನೆಗೆ ವಾಪಸು ತಂದರೆ ಕೆಲಸವೇ ವಾಪಸು ಬಂದಂತೆ.

ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದರೆ ಹೊರಡುವುದನ್ನು ಹೀಗೆ ಎರಡು ಕಂತಿನಲ್ಲಿ ಮಾಡಬಹುದೆಂಬುದು ನನಗೆ ಬಹಳ ಹಿಡಿಸಿತು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ರಾಹುಕಾಲ ಹುಟ್ಟುವುದರೊಳಗೆ ಒಂದು ಚೀಲದಲ್ಲಿ ಅಕ್ಕಿ, ತೆಂಗಿನಕಾಯಿ ಹಾಕಿ ಪಡುವಲ ಕಡೆಯ ನರಸಿಂಗರಾಯರ ಮನೆಗೆ ಕೊಟ್ಟು ಬಾ ಎಂದರು ಅತ್ತೆ. ನಾನು ಜಾಣತನ ತೋರಿಸಿದೆ. ‘ಚೀಲ ಯಾಕತ್ತೆ? ಹೋಗೋದು ಕಾರಲ್ಲಿ ತಾನೆ? ಕಾರನ್ನೇ ಅವರ ಗೇಟಿನ ಮುಂದೆ ನಿಲ್ಲಿಸಿ ಬರ್ತೀನಿ.’ ಅತ್ತೆ ಕ್ಷಣಕಾಲ ಯೋಚಿಸಿ, ‘ಇದುವರೆಗೂ ಯಾರೂ ಇಟ್ಟಿಲ್ಲ. ಆದ್ರೆ ಇಡಬಾರದು ಅಂತಲೂ ಇಲ್ಲ’ ಎಂದು ಕಾರಿನ ಮೂತಿಗೆ ಕುಂಕುಮ ಹಚ್ಚಿ, ಹೂವಿಟ್ಟು, ‘ಹೋಗ್ಬಾ’ ಎಂದರು. ಹೇಳಿದ್ದು ನನಗಲ್ಲ, ಕಾರಿಗೆ.

ಕೂತು ಸ್ಟಾರ್ಟರ್ ಎಳೆದೆ. ಟಕ್ ಎಂದಿತು, ಅಷ್ಟೆ. ಮತ್ತೆ ಎಳೆದೆ. ಮತ್ತೆ ಟಕ್. ಮೂತಿಗೆ ಹ್ಯಾಂಡಲ್ ಹಾಕಿ ಇಂಜಿನ್ನನ್ನು ಕೈಯಲ್ಲಿ ತಿರುಗಿಸುವಂತಿಲ್ಲ. ನಮ್ಮ ಆಫೀಸಿನವರೊಬ್ಬರ ಮಣಿಕಟ್ಟನ್ನು ಅಂಥದೊಂದು ಹ್ಯಾಂಡಲ್ ಒದ್ದು ಮುರಿದಂದಿನಿಂದ ನಾನು ಅದನ್ನು ಮಂಚದ ಕೆಳಗೆ ಬಚ್ಚಿಟ್ಟಿದ್ದೆ. ಗಡಿಯಾರ ಒಂಬತ್ತರ ಕಡೆಗೆ ಹೊರಟಿತ್ತು. ‘ಕುಂಕುಮ ಇಟ್ಟಾಗಿದೆ, ತಳ್ಳಿ’ ಎಂದರು ಅತ್ತೆ. ನಾನು, ಹೆಂಡತಿ ಶಾರದೆ, ವಿಮಲೆ, ಹಾಲು ತಂದಿದ್ದ ಜರಗನಹಳ್ಳಿಯ ಮುನಿಯಪ್ಪ, ಎಲ್ಲರೂ ಸೇರಿ ಖಾಲಿ ಸೈಟುಗಳನ್ನು ದಾಟಿಸಿ ಆ ಕಬ್ಬಿಣವನ್ನು ರಾಯರ ಗೇಟಿಗೆ ಮುಟ್ಟಿಸಿದಾಗ ರಾಹುಕಾಲಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ‘ಹೊರಟಾಯ್ತು’ ಎಂದು ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ತಳ್ಳಿದವರು ನಾವು.

ಸಿದ್ದಾಪುರದಿಂದ ಸೈಕಲ್ ಮೇಲೆ ಬಂದ ಮೆಕ್ಯಾನಿಕ್ ಮಸ್ತಾನ್, ಕಾರಿನ ಕೆಳಗೆ ತೂರಿ, ಉದ್ದನೆಯ ಡಬ್ಬದಂಥ ಒಂದು ವಸ್ತುವನ್ನು ಬಿಚ್ಚಿ ತಂದು ರಾಯರ ಮೆಟ್ಟಿಲ ಮೇಲೆ ಪೇಪರು ಹಾಸಿ ಇಟ್ಟ. ‘ಸ್ಟಾರ್ಟರ್ ಮೋಟಾರು ಸಾರ್. ಮೂಸಿ ನೋಡಿ.’ ಮೂಸಿದೆ, ಸೀದ ಒಗ್ಗರಣೆಯ ವಾಸನೆ. ಒಳಗಿನ ತಾಮ್ರದ ತಂತಿ ಸುಟ್ಟಿದೆ, ಬೇರೆಯದೇ ಹಾಕಬೇಕು ಎಂದ.

ನಾನು ಶಾರದೆಗೆ ಮೆಲ್ಲಗೆ ‘ರೈಲಿಗೆ ಹೋಗಿಬಿಡೋಣ’ ಎಂದೆ. ಅತ್ತೆಗೆ ಕೇಳಿಸಿತು. ‘ರೈಲಿಗೆ ಹೋದ್ರೆ ಪರಸ್ಥಾನಾನ ಎಲ್ಲಿ ಇಟ್ಕೊಂಡು ಹೋಗ್ತೀಯೋ? ತೊಡೆ ಮೇಲಾ?’ ನಾನು ಚೀಲವನ್ನು ಬೇಡವೆಂದದ್ದರ ಫಲ ಆಗ ಪೂರ್ತಿ ಅರ್ಥವಾಯಿತು. ನಿವೃತ್ತ ಅಮಲ್ದಾರರಾದ ನರಸಿಂಗರಾಯರು ಕುರ್ಚಿ ತರಿಸಿಕೊಂಡು ಗೇಟಿನ ಹತ್ತಿರವೇ ಕೂತಿದ್ದವರು, ‘ತಳ್ಳಿ ಸ್ಟಾರ್ಟ್ ಮಾಡ್ಕೊಂಡು ಹೋಗಿ ಸ್ವಾಮಿ’ ಎಂದರು. ಹೋಗಬಹುದು. ಬರುವಾಗ? ಬೀಗರಾಗಬೇಕಾದವರಿಗೆ ‘ಮಾತುಕತೆ ಸಂತೋಷವಾಯ್ತು, ಸ್ವಲ್ಪ ಕೈ ಹಾಕಿ’ ಎನ್ನುವುದೇ?

ಮಸ್ತಾನ್ ಕಲಾಸಿಪಾಳ್ಯದ ಗುಜರಿ ಅಂಗಡಿಗೆ ಹೋಗಿ ಬರುವ ತನಕ, ಆಫೀಸಿಗೆ ಚಕ್ಕರ್ ಹೊಡೆದ ನಾನೂ, ರಾಯರೂ ಆ ಸುಟ್ಟ ಮೋಟಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತೆವು. ಇಷ್ಟು ವರ್ಷ ಕಾರಿಟ್ಟುಕೊಂಡೂ ಅದರ ಮುಖ ನೋಡಿರಲಿಲ್ಲ. ಒಂದು ತುದಿಯಲ್ಲಿ ಪುಟ್ಟದೊಂದು ಹಲ್ಲಿನ ಚಕ್ರ. ಮಸ್ತಾನ್ ಹೇಳಿದ್ದ: ಗುಂಡಿ ಎಳೆದಾಗ ಅದು ಮುಂದಕ್ಕೆ ಹಾರಿ ಇಂಜಿನ್ನಿನ ದೊಡ್ಡ ಚಕ್ರವನ್ನು ಕಚ್ಚಿ ತಿರುಗಿಸುತ್ತದೆ, ಇಂಜಿನ್ನಿಗೆ ಜೀವ ಬಂದೊಡನೆ ಹಿಂದಕ್ಕೆ ಸರಿದು ಸುಮ್ಮನಾಗುತ್ತದೆ. ಬೆರಳಿನಲ್ಲಿ ತಿರುಗಿಸಿದೆ, ಸರಕ್ಕನೆ ಸರಿಯಿತು. ಇನ್ನೊಮ್ಮೆ ತಿರುಗಿಸಿದೆ. ರಾಯರು ‘ಕೊಡಿ ಇಲ್ಲಿ, ನಾನೂ ನೋಡ್ತೀನಿ’ ಎಂದರು. ‘ಮಂಡ್ಯಕ್ಕೆ ಪೂರ್ತಿ ಓಡೋದು ಇಂಜಿನ್ನು. ಇದು ಗೇಟಿನ ಹತ್ತಿರವೇ ಕೆಲಸ ಮುಗಿಸ್ಕೊಂಡು ಕೂತ್ಕೊಳ್ಳುತ್ತೆ ಅನ್ನಿ. ನಮ್ಮ ಸರ್ವೀಸಲ್ಲಿ ಇಂಥ ಪೋಸ್ಟು ನನಗೆ ಸಿಗಲೇ ಇಲ್ಲ.’

ಮಸ್ತಾನ್ ತಂದ ಮೊದಲನೆಯ ಮೋಟಾರು ಬ್ಯಾಟರಿಗೆ ತಗುಲಿಸಿದಾಗ ಚೆನ್ನಾಗಿಯೇ ಗುಯ್‌ಗುಟ್ಟಿತು. ಕಾರಿಗೆ ಕೂರಿಸಿದ ಮೇಲೆ ಬರೀ ಗುಯ್‌ಗುಡುತ್ತಿತ್ತು, ಇಂಜಿನ್ನು ಅಲ್ಲಾಡಲಿಲ್ಲ. ಅವನು ತಲೆ ಕೆರೆದುಕೊಂಡು, ‘ಉಲ್ಟಾ ತಿರುಗೋದು ಕೊಟ್ಟವ್ನೆ ಸಾರ್. ನಾನೂ ನೋಡಲಿಲ್ಲ’ ಎಂದ. ಅತ್ತೆಯವರಿಗೆ ಕುತೂಹಲ. ‘ಉಲ್ಟಾ ಅಂದ್ರೆ ಅಪ್ರದಕ್ಷಿಣೆಯೇನಪ್ಪ?’ ‘ಹಂಗೇ ಅಂದ್ಕೊಳ್ಳಿ ಅಮ್ಮ.’ ‘ಹಾಗಾದ್ರೆ ಬೇಡವೇ ಬೇಡ. ಶುಭಕಾರ್ಯಕ್ಕೆ ಹೋಗೋ ಕಾರು.’ ಮಸ್ತಾನ್ ಮತ್ತೆ ಸೈಕಲ್ ಹತ್ತಿದ.

ಎರಡನೆಯದು ಪ್ರದಕ್ಷಿಣೆಯದೇ ಇತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೂರಿಸಿ, ಗುಂಡಿ ಎಳೆದ. ಇಂಜಿನ್ನು ಮೊದಲನೆಯ ಸಲಕ್ಕೇ ಗುಡುಗಿತು. ನಾನು ಕೈ ಮುಗಿದೆನೆಂದು ಆಮೇಲೆ ಶಾರದೆ ಹೇಳಿದಳು. ‘ಒಂದು ರೌಂಡ್ ಹಾಕ್ಕೊಂಡು ಬರ್ತೀನಿ ಸಾರ್’ ಎಂದು ಮಸ್ತಾನ್ ಹೊರಟ. ನಾವೆಲ್ಲ ರಾಯರ ಗೇಟಿನಲ್ಲಿ ಕಾದು ನಿಂತೆವು. ಕಾರು ಆ ಕಡೆಯ ತಿರುವಿನಿಂದ ಬಂದಿತು. ಬಂದದ್ದು ನೇರವಾಗಿ ನಮ್ಮ ಮನೆಗೆ. ಕಾಂಪೌಂಡಿನೊಳಗೆ ನಿಲ್ಲಿಸಿ, ನಮ್ಮನ್ನು ಕರೆಯಲು ಎರಡು ಸಲ ಹಾರನ್ ಹೊಡೆದ. ಪಾಪ, ಉಪಕಾರವೆಂದೇ ಮಾಡಿದ್ದು.

ಅತ್ತೆ ಬೈದಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಅವರು ನಮ್ಮ ಕಾಂಪೌಂಡಿನ ಕಡೆ ನೋಡುತ್ತಾ ‘ವಾಪಸ್ ಬಂದುಬಿಡ್ತು. ಇನ್ನು ಶ್ರಾವಣಕ್ಕೆ ನೋಡೋಣ’ ಎಂದರು. ಅಷ್ಟು ದಿನ ಗಂಡಿನ ಮಾತೆತ್ತಿದರೆ ‘ನಂಗೇನು, ನಿಮ್ಮಿಷ್ಟ’ ಎನ್ನುತ್ತಿದ್ದ ವಿಮಲೆ, ‘ಶ್ರಾವಣದವರೆಗೂ ಅವರು ಕಾಯ್ತಾರೇನಪ್ಪ?’ ಎಂದಳು. ಕೇಳಿದ ದನಿಯಲ್ಲಿ ಅವಳ ಇಷ್ಟ ಯಾವುದೆಂದು ನನಗೆ ಮೊದಲ ಸಲ ಗೊತ್ತಾಯಿತು.

ನನ್ನ ಕಣ್ಣು ರಾಯರ ಮೆಟ್ಟಿಲ ಮೇಲೆ ಬಿತ್ತು. ಸುಟ್ಟ ಮೋಟಾರು ಪೇಪರಿನ ಮೇಲೆ ಹಾಗೆಯೇ ಇತ್ತು.

‘ಕಾರು ಪೂರ್ತಿ ಎಲ್ಲಿ ವಾಪಸ್ ಬಂತತ್ತೆ? ಬೆಳಿಗ್ಗೆ ನೀವು ಕಳಿಸಿದ ಕಾರಲ್ಲಿ ಇದೂ ಇತ್ತು. ಇದು ಇನ್ನೂ ಇಲ್ಲೇ ಇದೆ.’

ಅತ್ತೆ ಬಗ್ಗಿ ನೋಡಿ, ಅಷ್ಟರಲ್ಲಿ ಓಡಿಬಂದಿದ್ದ ಮಸ್ತಾನನನ್ನು ಕೇಳಿದರು. ‘ಕಾರನ್ನ ಹೊರಡಿಸೋದು ಇದೇ ಏನಪ್ಪ?’

‘ಹೌದಮ್ಮ. ಇದಿಲ್ದೆ ಹೊರಡಲ್ಲ.’

‘ಸುಟ್ಟು ಹೋಗಿದೆಯಲ್ಲಮ್ಮ’ ಎಂದರು ರಾಯರು.

‘ಸುಟ್ಟರೇನು? ನಿನ್ನೆವರೆಗೂ ಹೊರಡಿಸಿಲ್ವೇ?’ ಎಂದು ಅತ್ತೆ ತೀರ್ಪು ಕೊಟ್ಟು, ಅದಕ್ಕೂ ಚೂರು ಕುಂಕುಮ ತರಿಸಿ ಹಚ್ಚಿದರು. ಹಳೆಯ ಮೋಟಾರಿನ ತಾಮ್ರದ ಮೇಲೆ ಆಸೆ ಇಟ್ಟುಕೊಂಡಿದ್ದ ಮಸ್ತಾನ್ ಬಹಳ ಹೊತ್ತು ಅದನ್ನೇ ನೋಡಿ ಹೋದ.

ಭಾನುವಾರ ರಾಯರ ಗೇಟಿನಲ್ಲಿ ನಿಂತು, ಟವಲಿನಲ್ಲಿ ಸುತ್ತಿದ ಪರಸ್ಥಾನವನ್ನು ಡಿಕ್ಕಿಯಲ್ಲಿಟ್ಟುಕೊಂಡು ಮಂಡ್ಯಕ್ಕೆ ಹೋದೆವು. ಅವರ ಮನೆ ಮುಂದೆ ಹಣ್ಣಿನ ಬುಟ್ಟಿ ತೆಗೆಯುವಾಗ ಟವಲು ಬಿಚ್ಚಿಕೊಂಡಿತು. ಎದುರುಗೊಳ್ಳಲು ಬಂದಿದ್ದ ಹುಡುಗನ ತಂದೆ ಬಗ್ಗಿ, ‘ಇದೇನು?’ ಎಂದರು. ‘ಸ್ಟಾರ್ಟರು’ ಎಂದೆ. ‘ಕಾರಲ್ಲಿ ಒಂದಿದೆಯಲ್ಲ?’ ‘ಇದು... ಬೇರೆ.’ ಅವರು ಹೆಂಡತಿಯ ಕಡೆ ತಿರುಗಿ, ‘ನೋಡಿದೆಯಾ, ಸ್ಟಾರ್ಟರಿಗೂ ಸ್ಪೇರ್ ಇಟ್ಕೊಂಡು ಬಂದಿದಾರೆ. ಇಂಥ ಮುಂದಾಲೋಚನೆಯ ಮನೆ ಹುಡುಗಿ ಎಲ್ಲಿ ಸಿಗ್ತಾಳೆ?’ ಎಂದರು. ಕುಂಕುಮ ಕಾಣದಂತೆ ಟವಲು ಮುಚ್ಚಿದೆ. ಕಾಫಿ ಬರುವುದರೊಳಗೆ ಮಾತು ಮುಗಿಯಿತು.

ವಿಮಲೆಯ ಮದುವೆಯಾಗಿ ಈಗ ಮೊಮ್ಮಗನೂ ಇದ್ದಾನೆ. ಅತ್ತೆಗೆ ಆ ಮೋಟಾರಿನ ವಿಷಯ ಮರೆತೇ ಹೋಗಿದೆ; ಮೊನ್ನೆ ಡಿಕ್ಕಿಯಲ್ಲಿ ನೋಡಿ ‘ಏನೋ ಇದು, ಹಳೇ ಕಬ್ಬಿಣ?’ ಎಂದರು. ಹೋದ ವಾರ ಕಾರನ್ನು ಸಿದ್ದಾಪುರಕ್ಕೆ ಒಯ್ದಿದ್ದಾಗ ಮಸ್ತಾನ್ ಜಾಕ್ ಹುಡುಕುತ್ತಾ ಅದನ್ನು ಎತ್ತಿ ನೆಲಕ್ಕಿಟ್ಟು, ‘ಇದು ಇನ್ನೂ ಯಾಕೆ ಸಾರ್?’ ಎಂದ. ‘ಸ್ಪೇರು, ಇರಲಿ’ ಎಂದೆ. ‘ಸುಟ್ಟಿರೋದು ಸಾರ್.’ ‘ಗೊತ್ತು.’ ಮನೆಗೆ ಬಂದು ನೋಡಿದರೆ ಡಿಕ್ಕಿ ಖಾಲಿ. ಅವನು ವಾಪಸು ಇಟ್ಟಿರಲಿಲ್ಲ. ಬಿಸಿ ಬಿಸಿ ಊಟ ಬಡಿಸಿಟ್ಟಿದ್ದಳು ಶಾರದೆ. ನಾನು ಕಾರು ತಿರುಗಿಸಿಕೊಂಡು ಮತ್ತೆ ಸಿದ್ದಾಪುರಕ್ಕೆ ಹೋದೆ. ಮಾರನೆಯ ದಿನ ಭಾನುವಾರ. ನನಗೆ ಎಲ್ಲಿಗೂ ಹೋಗುವುದಿರಲಿಲ್ಲ.