ಮೂವತ್ತಾರು ಫೋಟೋ, ಒಂದು ರೊಟ್ಟಿ

ಕ್ಯಾಮರಾ ಹೆಗಲಿಗೇರಿಸಿ ನಾನು ಯಾವ ಹಳ್ಳಿಗೆ ಹೋದರೂ, ಬೇಕಾದ ಫೋಟೋ ಒಂದು, ಸಿಗುವ ಫೋಟೋ ಇನ್ನೊಂದು. ಲಡಾಖಿನಲ್ಲಿ ಉಪ್ಪು ಹಾಕಿದ ಬೆಣ್ಣೆ ಚಹಾ, ಕಚ್ಛದಲ್ಲಿ ಒಂಟೆ ಹಾಲು, ಎಲ್ಲ ಕುಡಿದು ಅರಗಿಸಿಕೊಂಡವಳು ನಾನು. ನನ್ನನ್ನು ಚಿತ್ ಮಾಡಿದ್ದು ಮಾತ್ರ ಧಾರವಾಡ ಜಿಲ್ಲೆಯ ಉಪಚಾರ.

ಎಂಬತ್ತರ ದಶಕದ ಮಾತು. ಬೆಂಗಳೂರಿನ ಒಂದು ಮಾಸಪತ್ರಿಕೆಯ ಸಂಪಾದಕರು ಮುಖಪುಟಕ್ಕೆ ಚಿತ್ರ ಕೇಳಿದ್ದರು: ಹಳ್ಳಿಯ ಹೆಣ್ಣುಮಗಳು ಜೋಳದ ರೊಟ್ಟಿ ಬಡಿಯುತ್ತಿರಬೇಕು, ಸಹಜವಾಗಿರಬೇಕು, ಪೋಸು ಕೂಡದು. ಜೊತೆಗೆ ಹೊಲಮನೆಯ ನಾಲ್ಕಾರು ಚಿತ್ರ. ಇದ್ದದ್ದು ಮೂರು ದಿನ. ಕ್ಯಾಮರಾದಲ್ಲಿ ಒಂದೇ ರೋಲು, ಮೂವತ್ತಾರು ಫೋಟೋ. ನಾಲ್ಕನೆಯ ದಿನ ಹುಬ್ಬಳ್ಳಿಯಿಂದ ಪಾಕೀಟು ಹೋಗದಿದ್ದರೆ ಮುಖಪುಟ ಬೇರೆಯವರ ಪಾಲು. ಆಗ ನನಗೆ ಮುಖಪುಟ ಎಂದರೆ ಪ್ರಾಣ.

ಒಂದೇ ಸೀರೆ

ಮೊದಲ ದಿನ ತಿರ್ಲಾಪುರದ ಹೊಲ. ಹನ್ನೊಂದು ಮಂದಿ ಹೆಂಗಸರು ಹತ್ತಿ ಬಿಡಿಸುತ್ತಿದ್ದರು. ಕ್ಯಾಮರಾ ಎತ್ತಿದೆ.

"ಒಂದೀಟು ತಡೀರಿ ಅಕ್ಕಾರ!" ಎಂದಳು ಒಬ್ಬಳು. "ಈ ಹರಕ ಸೀರ್ಯಾಗ ನಿಂತ್ರ ನಮ್ಮ ತವರಮನಿಯವರು ನೋಡಿ ಏನಂದಾರು?"

ಅವರಲ್ಲೊಬ್ಬಳು ಹೊಸದಾಗಿ ಮದುವೆಯಾದವಳು. ಮನೆಗೆ ಓಡಿಹೋಗಿ ತನ್ನ ಮದುವೆಯ ಇಳಕಲ್ ಸೀರೆ ತಂದಳು. ಚಕ್ಕಡಿ ಗಾಡಿಯ ಮರೆಯಲ್ಲಿ ಒಬ್ಬೊಬ್ಬರೇ ಅದನ್ನು ಉಟ್ಟು ಬಂದು ನಿಂತರು. ಒಬ್ಬಳನ್ನೂ ಬಿಡುವಂತಿರಲಿಲ್ಲ. ಕೊನೆಗೆ ನಾನು, "ಇನ್ನ ಒಂದೀಟು ಹತ್ತಿ ಬಿಡಸ್ರಿ, ಕೆಲಸದ ಫೋಟೋ ಬೇಕು" ಎಂದೆ.

"ಇಂಥಾ ಸೀರಿ ಉಟ್ಟು ಯಾರರ ಹತ್ತಿ ಬಿಡಸ್ತಾರೇನ್ರಿ?" ಎಂದು ಎಲ್ಲರೂ ನನ್ನನ್ನೇ ನೋಡಿ ನಕ್ಕರು.

ಆ ಫೋಟೋಗಳನ್ನು ನೋಡಿ ಸಂಪಾದಕರು ಆಮೇಲೆ ಕಾಗದ ಬರೆದರು: "ಆ ಊರಿನಲ್ಲಿ ಕೂಲಿಯವರಿಗೂ ಸಮವಸ್ತ್ರ ಇದೆಯೇ?"

ಬೆಳಕು

ಎರಡನೆಯ ದಿನ ಶಲವಡಿ. ಒಬ್ಬ ರೈತ ಕಾಕಾನ ಮನೆ. ಅಡಿಗೆಮನೆಯ ಕಿಟಕಿಯಿಂದ ಒಲೆಯ ಮೇಲೆ ಎಂಥ ಬೆಳಕು ಬೀಳುತ್ತಿತ್ತೆಂದರೆ, ಈಗಲೂ ನೆನೆಸಿಕೊಂಡರೆ ಕೈ ತುರಿಸುತ್ತದೆ. ಆದರೆ ಮೊದಲು ಅಂಗಳದಲ್ಲಿ ಇಡೀ ಮನೆತನದ ಫೋಟೋ ಆಗಬೇಕಾಯಿತು. ಅಣ್ಣತಮ್ಮಂದಿರು, ಅವರ ಮಕ್ಕಳು, ಒಬ್ಬೊಬ್ಬರಿಗೂ ಒಂದೊಂದು; ಕೊನೆಗೆ ಎತ್ತು.

"ಎಡಗಡೆ ಎತ್ತಿಂದಷ್ಟ ತಗದ್ರ ಬಲಗಡೆದು ಬ್ಯಾಸರ ಮಾಡ್ಕೊಂತೈತ್ರಿ" ಎಂದ ಕಾಕಾ. ಅದಕ್ಕೂ ಒಂದು.

ಆಮೇಲೆ ಒಳಗೆ ಕರೆದು, "ಬ್ಯಾಗ ಇಲ್ಲಿ ಕೊಡ್ರಿ, ಊಟಕ್ಕ ಕುಂಡ್ರಿ" ಎಂದು ಕ್ಯಾಮರಾ ಸಮೇತ ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಉಣ್ಣದೆ ಓಡಿಹೋಗುವ ಸರಕಾರಿ ಮಂದಿಯನ್ನು ಆತ ಬಹಳ ಕಂಡಿದ್ದನಂತೆ. ಜುಣಕ, ಎಣ್ಣೆಗಾಯಿ, ಮೊಸರು ಮುಗಿಯುವಷ್ಟರಲ್ಲಿ ಎದುರುಮನೆಯ ನೇಕಾರ ಚಾಚಾ ಬಾಗಿಲಲ್ಲಿ ನಿಂತಿದ್ದರು. "ಅವರ ಮನ್ಯಾಗ ಊಟ ಆತು, ನಮ್ಮ ಮನ್ಯಾಗ ಚಾ ಆದ್ರೂ ಆಗಬ್ಯಾಡೇನ್ರಿ?" ಚಹಾ ಆಯಿತು. ಚಹಾದ ಜೊತೆ ಒಂದು ತಾಟು ಶಿರಾ ಆಯಿತು. ಮರಳಿ ಬಂದರೆ ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು.

"ಕಾಕಾ, ಬೆಳಕು ಹೊಂಟೈತ್ರಿ! ಬೀಗ ತಗೀರಿ!" ಎಂದು ಗೋಗರೆದೆ.

ಕಾಕಾ ಎಲೆ ಅಡಿಕೆ ಮುಂದಿಟ್ಟು ಹೇಳಿದ: "ಹೋಗವಲ್ದ್ಯಾಕ ಬಿಡ್ರಿ. ಅದು ನಾಳಿ ಮತ್ತ ಬರತೈತಿ. ನೀವು ಬರ್ತೀರೇನು?"

ಕಡೆಯ ಫೋಟೋ

ಮೂರನೆಯ ದಿನ ಬಮ್ಮಿಗಟ್ಟಿ ಮುಟ್ಟಿದಾಗ ರೋಲಿನಲ್ಲಿ ಉಳಿದದ್ದು ಎರಡೇ ಎರಡು. ಆ ಮನೆಯ ಅಜ್ಜಿ ದಿನದ ಸೀರೆಯಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಬೆಳಕಿಂಡಿಯಿಂದ ಬಿಸಿಲು ನೇರ ಅವಳ ಕೈಮೇಲೆ. ಉಸಿರು ಬಿಗಿಹಿಡಿದು ಕ್ಯಾಮರಾ ಎತ್ತಿದೆ. ಒತ್ತುವ ಗಳಿಗೆಗೆ ಸರಿಯಾಗಿ, "ಆರೂದ್ರಾಗ ತಿನ್ನ ತಂಗಿ" ಎಂದು ಸುಡುಸುಡು ರೊಟ್ಟಿಯನ್ನು ನನ್ನ ಅಂಗೈಗೆ ಇಟ್ಟಳು. ನಾನು ಹೌಹಾರಿ ಒತ್ತಿದ್ದಕ್ಕೆ ಬಂದದ್ದು ಮಾಡಿನ ಜಂತಿ.

ಉಳಿದದ್ದು ಒಂದು. ಅಷ್ಟರಲ್ಲಿ ಸೊಸೆ ತಾಟಿನಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ತಂದಳು. ಮನೆಗೆ ಬಂದ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವುದುಂಟೆ? ಆದರೆ ನಾನು ಉಟ್ಟದ್ದು ಪ್ಯಾಂಟು, ಶರ್ಟು. ಅಜ್ಜಿ ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಸೆರಗಽ ಇಲ್ಲ! ಇಕಿಗೆ ಉಡಿ ಎಲ್ಲಿ ತುಂಬೂದು?"

"ಕಿಸೆ ಅದಾವಲ್ಲ ಅತ್ತಿ" ಎಂದಳು ಸೊಸೆ.

"ಕಿಸೇದಾಗ ಅಕ್ಕಿ ಹಾಕಾಕ ಇಕಿ ಏನ್ ಕಿರಾಣಿ ಅಂಗಡಿಗೆ ಬಂದಾಳೇನ? ನಿನ್ನ ಸೀರಿ ಒಂದು ತಾ."

ಪ್ಯಾಂಟಿನ ಮೇಲೆಯೇ ಸೊಸೆಯ ಸೀರೆ ಉಡಿಸಿದರು, ಹಣೆಗೆ ಕುಂಕುಮ ಹಚ್ಚಿದರು, ಉಡಿ ತುಂಬಿದರು. ಇನ್ನಾದರೂ ಫೋಟೋ ಆದೀತೆಂದು, "ಆಯಿ, ಇನ್ನೊಂದೇ ಒಂದು ರೊಟ್ಟಿ ಬಡೀರಿ" ಎಂದೆ.

"ನಿನಗ ಬರ್ತೈತೇನ ರೊಟ್ಟಿ?"

"ಊರೂರಾಗ ತಿಂದೇನ್ರಿ."

"ತಿನ್ನೂದ ಯಾರ್ ಕೇಳ್ಯಾರ? ಬಡ್ಯಾಕ? ಬಾ, ಕುಂಡ್ರ ಇಲ್ಲೆ."

ಕ್ಯಾಮರಾ ಸೊಸೆಯ ಕೈಗೆ ಕೊಟ್ಟು ಕುಳಿತೆ. ಎರಡು ಏಟಿಗೆ ರೊಟ್ಟಿ ಮೂರು ದಿಕ್ಕಿಗೆ ಹರಿಯಿತು. ನಾಲಗೆ ಕಚ್ಚಿಕೊಂಡು ತೇಪೆ ಹಾಕುತ್ತಿದ್ದೆ. ಕ್ಯಾಮರಾ ಕಿಟ್ ಎಂದಿತು.

"ಭಾಳ ಚಂದ ಕಾಣಾಕ್ಹತ್ತಿದ್ರಿ ಅಕ್ಕಾರ," ಎಂದಳು ಸೊಸೆ, "ಒತ್ತೇ ಬಿಟ್ಟೆ."

ರೋಲು ಮುಗಿಯಿತು. ನಾನು ಹಿಟ್ಟಿನ ಕೈಯನ್ನು ತಲೆಯ ಮೇಲೆ ಹೊತ್ತು ಕುಳಿತೆ. ಆದದ್ದಾಗಲಿ ಎಂದು ರೋಲನ್ನು, ಯಾವ ಫೋಟೋ ಯಾವ ಊರಿನದೆಂಬ ಚೀಟಿಯ ಜೊತೆ, ಹಾಗೆಯೇ ಪಾಕೀಟಿಗೆ ಹಾಕಿ ಕಳಿಸಿದೆ, ಮುಖಪುಟದ ಆಸೆಯನ್ನೂ ಕೈಬಿಟ್ಟೆ.

ಮುಂದಿನ ಸಂಚಿಕೆ ಬಂತು. ಮುಖಪುಟದಲ್ಲಿ ನಾನೇ! ಸಂಪಾದಕರು ನನ್ನ ಮುಖ ಕಂಡವರಲ್ಲ. ಕೆಳಗೆ ಬರೆದಿದ್ದರು: "ರೊಟ್ಟಿ ಬಡಿಯುವುದರಲ್ಲಿ ಮೈಮರೆತ ಬಮ್ಮಿಗಟ್ಟಿಯ ಗೃಹಿಣಿ." ಚಿತ್ರ ತೆಗೆದವರೆಂದು ಹೆಸರೂ ನನ್ನದೇ.

ಪತ್ರಿಕೆ ಹಿಡಿದು ಬಮ್ಮಿಗಟ್ಟಿಗೆ ಹೋದೆ. ತೆಗೆದದ್ದು ನೀನೇ ಎಂದು ಸೊಸೆಗೆ ಹೇಳಿದಾಗ ಅವಳು ಓಣಿಗೆಲ್ಲ ತೋರಿಸಿ ಬಂದಳು. ಅಜ್ಜಿ ಮಾತ್ರ ಕೆಳಗಿನ ಸಾಲನ್ನು ಎರಡು ಸಲ ಓದಿಸಿಕೊಂಡು ಮುಖ ಗಂಟಿಕ್ಕಿದಳು.

"ಯಾಕ ಆಯಿ, ಫೋಟೋ ಚಲೋ ಬಂದಿಲ್ಲೇನ್ರಿ?"

"ಫೋಟೋ ಅಗದಿ ಚಲೋ ಬಂದೈತಿ" ಎಂದಳು. "ಆದ್ರ ಊರ ಹೆಸರು ಯಾಕ ಹಾಕ್ಸಿದಿಯವ್ವಾ? ಈ ರೊಟ್ಟಿ ನೋಡಿದ ಮ್ಯಾಲ ನಮ್ಮೂರ ಹುಡುಗ್ಯಾರನ್ನ ಯಾರ ಮಾಡ್ಕೊಂತಾರ?"