ಕೂಡುಹುಬ್ಬಿನ ಮೇಷ್ಟ್ರು

ದೇವರಾಜು ಮೇಷ್ಟ್ರಿಗೆ ತರಗತಿಯ ಪಾಠವನ್ನು ಮನೆಯಲ್ಲೇ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುವ ಚಟವಿತ್ತು. ಆ ಶನಿವಾರ ಸಂಜೆ ಅದನ್ನು ಅರ್ಧಕ್ಕೇ ನಿಲ್ಲಿಸಿದ್ದು ಎಲ್ಲ ಅನಾಹುತಕ್ಕೂ ಮೂಲವಾಯಿತು.

ಕಾಲೇಜಿನಲ್ಲಿ ಅವರದು ಸಮಾಜಶಾಸ್ತ್ರ. ಸೋಮವಾರದ ಪಾಠ, ಅಪರಾಧಕ್ಕೆ ದೇಹವೇ ಕಾರಣ ಎನ್ನುವ ಸಿದ್ಧಾಂತಗಳು. ಸುಂಟಿಕೊಪ್ಪದ ಬಾಡಿಗೆ ಮನೆಯ ಜಗಲಿಯಲ್ಲಿ ನಿಂತು, ಅಂಗಳದ ಹೂಕುಂಡಗಳನ್ನೇ ವಿದ್ಯಾರ್ಥಿಗಳೆಂದು ಭಾವಿಸಿ ಶುರು ಮಾಡಿದರು. ಹೂಕುಂಡಗಳು ಮೊಬೈಲ್ ನೋಡುವುದಿಲ್ಲವಾದ್ದರಿಂದ ಮೇಷ್ಟ್ರಿಗೆ ಹುಮ್ಮಸ್ಸು ಜಾಸ್ತಿ.

"ಹಿಂದೆ ಇಟಲಿಯ ಒಬ್ಬ ವೈದ್ಯ ಏನು ಹೇಳಿದ? ಕಳ್ಳ ಹುಟ್ಟುವಾಗಲೇ ಕಳ್ಳ! ಕೂಡಿದ ಹುಬ್ಬು, ಚಾಚಿದ ಕಿವಿ, ಮುಂದೆ ಬಂದ ದವಡೆ, ಉದ್ದನೆಯ ಕೈ. ಇವೇ ಅವನ ಗುರುತು!"

ಇದೆಲ್ಲ ಶುದ್ಧ ಸುಳ್ಳು ಎಂದು ಸಾಧಿಸುವ ಭಾಗ ಆಮೇಲೆ ಬರಬೇಕಿತ್ತು. ಅಷ್ಟರಲ್ಲಿ ಹೆಂಡತಿ ವೀಣಾ, "ರೊಟ್ಟಿ ಆರ್ತಾ ಇದೆ" ಎಂದು ಕೂಗಿದಳು. ಮೇಷ್ಟ್ರು ವಿಜ್ಞಾನವನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಪಕ್ಕದ ಭಾಗದಲ್ಲಿದ್ದ ಮನೆಯೊಡತಿ ವಿಶಾಲಾಕ್ಷಮ್ಮ ಮತ್ತು ಬೇಲಿಯಾಚೆಯ ದಿನಸಿ ಅಂಗಡಿ ನಂಜಪ್ಪ ಅಷ್ಟನ್ನೂ ಕೇಳಿ ತಲೆದೂಗಿದ್ದರು.

ಭಾನುವಾರ ನಸುಕಿನಲ್ಲೇ ವೀಣಾ ಮಾಕುಟ್ಟದ ಅಕ್ಕನ ಮನೆಗೆ ಮೊದಲ ಬಸ್ಸಿಗೆ ಹೊರಟಳು. ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಮಲಗಿದ್ದಲ್ಲೇ ಪಾಠದ ಎರಡನೇ ಭಾಗವನ್ನು ಹೊಸೆಯುತ್ತಿದ್ದ ಮೇಷ್ಟ್ರು "ಹ್ಞೂಂ" ಎಂದರು. ಹದಿನೆಂಟು ವರ್ಷದ ಸಂಸಾರ ಆ ಒಂದು ಹ್ಞೂಂಕಾರದ ಮೇಲೆ ಸುಸೂತ್ರವಾಗಿ ನಡೆದಿತ್ತು.

ಬಿಸಿಲೇರುವ ಹೊತ್ತಿಗೆ ಅಂಗಳದಲ್ಲಿ ವಿಶಾಲಾಕ್ಷಮ್ಮನ ಬೊಬ್ಬೆ.

"ಅಯ್ಯೋ, ನಸುಕಲ್ಲಿ ಡೇರಿಗೆ ಹೋಗಿ ಹಾಲು ಹಾಕಿ ಬರೋಷ್ಟರಲ್ಲಿ ನನ್ ಮೆಣಸು ಹೋಯ್ತಲ್ಲಪ್ಪೋ! ಟಾರ್ಪಾಲು ಐತೆ, ಮೆಣಸಿಲ್ಲ!"

ಹಿಂದಿನ ದಿನದಿಂದ ಅಂಗಳದಲ್ಲೇ ಒಣಗಲು ಹರವಿದ್ದ ಕರಿಮೆಣಸು ಒಂದು ಕಾಳೂ ಇರಲಿಲ್ಲ. ನಂಜಪ್ಪ ಬೇಲಿ ಹಾರಿ ಬಂದ.

"ಅಳ್ಬೇಡಿ ಅಕ್ಕ. ಕಳ್ಳನ್ನ ಹಿಡಿಯೋದು ಹೆಂಗೆ ಅಂತ ಮೇಷ್ಟ್ರು ನಿನ್ನೆನೇ ಹೇಳವ್ರೆ. ಸಾರ್, ಆ ಗುರುತೆಲ್ಲ ಇನ್ನೊಂದ್ಸಲ ಹೇಳಿ."

ಇಪ್ಪತ್ತು ವರ್ಷ ಪಾಠ ಮಾಡಿದರೂ ಒಬ್ಬ ವಿದ್ಯಾರ್ಥಿಯೂ ಇನ್ನೊಂದು ಸಲ ಹೇಳಿ ಎಂದಿರಲಿಲ್ಲ. ಮೇಷ್ಟ್ರು ಹಿಗ್ಗಿಹೋದರು. ಗಂಟಲು ಸರಿಮಾಡಿಕೊಂಡು, ಬೆರಳು ಮಡಚುತ್ತಾ ಹೇಳತೊಡಗಿದರು. "ಮೊದಲನೆಯದು, ಕೂಡಿದ ಹುಬ್ಬು..."

ನಂಜಪ್ಪ ಮೇಷ್ಟ್ರ ಹುಬ್ಬು ನೋಡಿದ. ಅವು ಮೂಗಿನ ಮೇಲೆ ಕೈಕುಲುಕಿ ನಿಂತಿದ್ದವು.

"ಎರಡನೆಯದು, ಚಾಚಿದ ಕಿವಿ..."

ವಿಶಾಲಾಕ್ಷಮ್ಮ ಅಳು ನಿಲ್ಲಿಸಿದರು. ಮೇಷ್ಟ್ರ ಕಿವಿಗಳು ಮೊರದ ಹಾಗೆ ಎರಡೂ ಕಡೆಗೆ ಹರಡಿದ್ದವು. ದವಡೆಗೆ ಬರುವ ಹೊತ್ತಿಗೆ ಮೇಷ್ಟ್ರ ದನಿ ತಾನಾಗಿ ಇಳಿಯಿತು. ಉದ್ದನೆಯ ಕೈಗಳನ್ನು ಮೆಲ್ಲಗೆ ಬೆನ್ನ ಹಿಂದೆ ಸೇರಿಸಿಕೊಂಡರು. ಅದೇ ತಪ್ಪಾಯಿತು.

"ಕೈ ಯಾಕ್ ಸಾರ್ ಬಚ್ಚಿಡ್ತೀರಾ?" ಎಂದ ನಂಜಪ್ಪ.

"ರೀ, ಅದು ಸುಳ್ಳು ಸಿದ್ಧಾಂತ! ಯಾಕೆ ಸುಳ್ಳು ಅನ್ನೋದು ಎರಡನೇ ಭಾಗದಲ್ಲಿದೆ!"

"ಸಿಕ್ಕಿಬಿದ್ಮೇಲೆ ಎರಡನೇ ಭಾಗ ಬಂತಾ?"

ಮೇಷ್ಟ್ರಿಗೆ ನಿಜಕ್ಕೂ ಭಯವಾಯಿತು. ಬೇರೆ ಮನೆ ಸಿಗುವುದು ಸುಲಭವಿರಲಿಲ್ಲ. ಈ ಮನೆ ಹುಡುಕಲೇ ಎರಡು ಜೊತೆ ಚಪ್ಪಲಿ ಸವೆದಿತ್ತು. ವೀಣಾಗೆ ಫೋನ್ ಹಚ್ಚಿದರೆ ಮಾಕುಟ್ಟದ ಕಾಡಿನಲ್ಲಿ ರೇಂಜ್ ಇಲ್ಲ. ಗಾಬರಿಗೆ ಬುದ್ಧಿ ಓಡಲಿಲ್ಲ. ಓಡಿದವರು ಮೇಷ್ಟ್ರು, ಅದೂ ಚಂದ್ರುವಿನ ಸಲೂನಿಗೆ.

"ಹುಬ್ಬಿನ ಮಧ್ಯ ಸ್ವಲ್ಪ ಬಿಡಿಸಪ್ಪ, ಸಾಕು."

ಚಂದ್ರು ಬಿಡಿಸಿದ. ಎಡಗಡೆ ಸ್ವಲ್ಪ ಹೆಚ್ಚಾಯಿತು. ಸಮ ಮಾಡಲು ಬಲಗಡೆ ತೆಗೆದ. ಮತ್ತೆ ಎಡಗಡೆ. ಕೊನೆಗೆ ಕನ್ನಡಿಯಲ್ಲಿ ಕಂಡದ್ದು ಸುಲಿದ ಹಲಸಿನ ಬೀಜದಂಥ ಮುಖ. ಅದರಲ್ಲಿ ಕಿವಿಗಳು ಮೊದಲಿಗಿಂತ ದೊಡ್ಡವಾಗಿ ಕಾಣುತ್ತಿದ್ದವು.

ಮನೆಗೆ ಬರುವಾಗ ನಂಜಪ್ಪ ಗೇಟಿನಲ್ಲೇ ಕಾದಿದ್ದ. "ನೋಡಿ ಅಕ್ಕ, ಗುರುತು ಅಳಿಸ್ಕಂಡು ಬಂದವ್ರೆ!"

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. "ಬನ್ರೀ, ನನ್ನ ಮನೆ ಪೂರ್ತಿ ಹುಡುಕಿ! ಒಂದು ಕಾಳು ಸಿಕ್ಕಿದ್ರೆ ಹೇಳಿ!"

ಒಂದು ಕಾಳು ಸಿಗಲಿಲ್ಲ. ಎರಡು ಬಕೆಟ್ ತುಂಬ ಸಿಕ್ಕಿತು, ಬಚ್ಚಲುಮನೆಯ ಒಲೆಯ ಪಕ್ಕದಲ್ಲಿ, ಮೇಷ್ಟ್ರದೇ ಹಳೆಯ ಪಂಚೆ ಮುಚ್ಚಿಕೊಂಡು. ಭಾನುವಾರ ಮಧ್ಯಾಹ್ನ ದಾಟುವವರೆಗೆ ಸ್ನಾನದ ಸುದ್ದಿ ಎತ್ತದ ಮೇಷ್ಟ್ರು ಆ ಕಡೆ ತಲೆಯನ್ನೇ ಹಾಕಿರಲಿಲ್ಲ.

ಅವರು ಅಲ್ಲೇ ಕುಸಿದು ಕೂತರು. ನಿದ್ದೆಯಲ್ಲಿ ನಾನೇ ಎದ್ದು ಹೋಗಿ ತಂದೆನೇ? ಇಟಲಿಯವನು ಹೇಳಿದ್ದು ನಿಜವೇ? ತಮ್ಮ ಕೈಗಳನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡರು.

ಆಶ್ಚರ್ಯವೆಂದರೆ ವಿಶಾಲಾಕ್ಷಮ್ಮ ಬೈಯಲಿಲ್ಲ. ಕಣ್ಣೊರೆಸಿಕೊಂಡು ಹತ್ತಿರ ಬಂದರು.

"ಹೋಗ್ಲಿ ಬಿಡಿ ಮೇಷ್ಟ್ರೇ. ಹುಟ್ತಾನೇ ಹಂಗಿದ್ರೆ ನೀವೇನ್ ಮಾಡೋಕಾಗುತ್ತೆ? ಮೂಳೆ ಮಾಡೋ ಕೆಲಸಕ್ಕೆ ಮನುಷ್ಯನ್ನ ಬೈದ್ರೆ ಪಾಪ. ಇದೇ ಮನೇಲಿರಿ. ನನ್ ಸಾಮಾನಿಗೆ ನಾನೇ ಬೀಗ ಹಾಕ್ಕೊತೀನಿ."

ಬುದ್ಧಿವಂತರಾಗಿದ್ದರೆ ಇಲ್ಲಿ ಕೈಮುಗಿದು ಸುಮ್ಮನಾಗುತ್ತಿದ್ದರು. ದೇವರಾಜು ಮೇಷ್ಟ್ರು ಬರೀ ಓದಿದವರು. ಎದ್ದು ನಿಂತು, ಬಚ್ಚಲುಮನೆಯಲ್ಲೇ ಎರಡನೇ ಭಾಗ ಶುರುಮಾಡಿದರು.

"ತಪ್ಪು, ಅಮ್ಮ! ಹುಟ್ಟಿನಿಂದ ಯಾರೂ ಕಳ್ಳರಲ್ಲ. ಜೈಲಿನ ಹೊರಗಿರೋರಿಗೂ ಅಂಥದೇ ಕಿವಿ, ಅಂಥದೇ ಹುಬ್ಬು ಇರುತ್ತೆ ಅಂತ ಆಮೇಲೆ ಬಂದವರು ಅಳೆದು ತೋರಿಸಿದ್ದಾರೆ. ಮೂಳೆ ಮೇಲೆ ತಪ್ಪು ಹೊರಿಸೋ ಹಾಗಿಲ್ಲ. ಮನುಷ್ಯ ಸಹವಾಸದಿಂದ ಕಲೀತಾನೆ, ತಿಳಿದೂ ತಿಳಿದೂ ಮಾಡ್ತಾನೆ!"

ವಿಶಾಲಾಕ್ಷಮ್ಮನ ಮುಖ ಬಿಗಿಯಿತು. "ಅಂದ್ರೆ ನೀವು ತಿಳಿದೂ ತಿಳಿದೂ ಮಾಡಿದ್ರಾ?"

"ಹಾಗಲ್ಲ, ಸಿದ್ಧಾಂತದ ಪ್ರಕಾರ..."

"ಬರೋ ತಿಂಗಳು ಮನೆ ಖಾಲಿ ಮಾಡಿ."

ಅದೇ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ವೀಣಾ! ಎಲ್ಲೋ ರೇಂಜ್ ಸಿಕ್ಕಿರಬೇಕು. ಮೇಷ್ಟ್ರು ಅವಸರದಲ್ಲಿ ಸ್ಪೀಕರ್ ಒತ್ತಿ, ಮೆಣಸಿನ ವಿಷಯ ಕೇಳಿದರು.

"ಅಯ್ಯೋ, ಬೆಳಿಗ್ಗೆ ಕಾಫಿ ಹೂ ಅರಳಿಸೋ ಹೂಮಳೆ ಹನಿ ಬಿತ್ತಲ್ರೀ. ಅಮ್ಮನ ಮೆಣಸು ನೆನೆಯುತ್ತೆ ಅಂತ ನಾನೇ ಎತ್ತಿಟ್ಟೆ."

ಹನಿ ಬಿದ್ದರೆ ಯಾರ ಅಂಗಳದ್ದೇ ಆಗಲಿ, ಮೊದಲು ಕಂಡವರು ಎತ್ತಿಡುವುದು ಆ ಕಡೆಯ ರೂಢಿ. ನಾಲ್ಕು ಹನಿ ಉದುರಿ ಬಿಸಿಲಿಗೆ ನೆಲ ಆರಿದ್ದರಿಂದ ಯಾರಿಗೂ ಹೊಳೆದಿರಲಿಲ್ಲ. ನಂಜಪ್ಪ ತಲೆ ಕೆರೆದುಕೊಂಡ. ಮೇಷ್ಟ್ರು ಎದೆಯುಬ್ಬಿಸಿದರು.

ಫೋನಿನಲ್ಲಿ ವೀಣಾ ಇನ್ನೂ ಮಾತು ಮುಗಿಸಿರಲಿಲ್ಲ. "ಹೊರಡುವಾಗ ನಿಮಗೆ ಹೇಳ್ದೆನಲ್ರೀ, ಬಿಸಿಲು ಬಂದ್ಮೇಲೆ ಅಮ್ಮಂಗೆ ಕೊಡಿ ಅಂತ? ಹ್ಞೂಂ ಅಂದ್ರಲ್ಲ! ಅಷ್ಟು ದೊಡ್ಡ ಕಿವಿ ಇಟ್ಕೊಂಡು ಕೇಳಿಸ್ಲಿಲ್ವಾ?"

ವಿಶಾಲಾಕ್ಷಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು.

"ಬೆಳಿಗ್ಗೆಯಿಂದ ನನ್ ಹೊಟ್ಟೆ ಉರಿಸಿದ್ದು ನಿಮ್ ಹ್ಞೂಂ ತಾನೆ? ಈಗ ಒಂದೇ ಮಾತು ಹೇಳಿ. ಹೆಂಡ್ತಿ ಮಾತು ಕಿವಿಗೆ ಹಾಕ್ಕೊಳ್ದೇ ಇರೋದು ನೀವು ತಿಳಿದೂ ತಿಳಿದೂ ಮಾಡೋದೋ, ಹುಟ್ಟಿನಿಂದ ಬಂದಿದ್ದೋ? ಹುಟ್ಟಿನಿಂದ ಆದ್ರೆ ಪಾಪ, ಇರಿ. ಇಲ್ಲಾಂದ್ರೆ ಮನೆ ಖಾಲಿ ಮಾಡಿ."

ಮೇಷ್ಟ್ರು ಫೋನ್ ನೋಡಿದರು, ಅದರೊಳಗಿಂದ ವೀಣಾಳೂ ಉತ್ತರಕ್ಕೆ ಕಾಯುತ್ತಿದ್ದಳು. ಇಪ್ಪತ್ತು ವರ್ಷದ ಸಮಾಜಶಾಸ್ತ್ರ ಗಂಟಲವರೆಗೆ ಬಂದು ಹಿಂದೆ ಹೋಯಿತು.

"ಹುಟ್ಟಿನಿಂದಲೇ, ಅಮ್ಮ" ಎಂದು ತಲೆ ಬಗ್ಗಿಸಿದರು. "ಬೇಕಾದ್ರೆ ಕಿವಿ ನೋಡಿ."